ಕಳಕವ್ವನ ಗುಲಾಬಿ ಲಾಳಿಕೆ

ಮಲ್ಲೇಶಪ್ಪ ಕಡೆಯ ಸಲ ಉಂಡದ್ದು ರೊಟ್ಟಿ, ಅಗಸಿ ಚಟ್ನಿ, ಕುಸುಬಿ ಎಣ್ಣೆ. ಗಡಿ ಕಾಯುವ ಪಡೆಯಲ್ಲಿದ್ದ ಮಗಳು ರೂಪಾ ಅಬ್ಬಿಗೇರಿಗೆ ರಜೆಗೆ ಬಂದಿದ್ದಳು. ಡಬ್ಬಿಯ ಎಣ್ಣೆಯನ್ನು ಬಾಟಲಿಗೆ ಸುರಿಯಲು ಹೆಂಡತಿ ಕಳಕವ್ವನಿಗೆ ಲಾಳಿಕೆ ಬೇಕಿತ್ತು. ಮಗಳ ಚೀಲದಲ್ಲಿ ಮೆತ್ತನೆಯದೊಂದು ಸಿಕ್ಕಿತು, ಗುಲಾಬಿ ಬಣ್ಣದ್ದು. ಸುರಿದಳು. ಒಂದು ಹನಿ ಚೆಲ್ಲಲಿಲ್ಲ.

ಪಕ್ಕದ ಮನೆಯ ಗವಿಸಿದ್ದಪ್ಪನೂ ಉಣ್ಣಲು ಕೂತಿದ್ದ. ಚಟ್ನಿಗೆ ಎರಡನೇ ಸಲ ಎಣ್ಣೆ ಹಾಕಿಸಿಕೊಂಡ.

“ಯವ್ವಾ, ಅದು ಎಣ್ಣಿ ಲಾಳಿಕಿ ಅಲ್ಲ,” ಎಂದಳು ರೂಪಾ.

“ಮತ್ತೇನು?”

“ಹೆಣ್ಮಕ್ಳು ನಿಂತ ಉಚ್ಚಿ ಹೊಯ್ಯಾಕ.”

ಗವಿಸಿದ್ದಪ್ಪನ ತುತ್ತು ಬಾಯಿ ಹತ್ತಿರ ನಿಂತಿತು. “ಹೊಸಾದೇನ, ತಂಗಿ?”

“ಹೊಸಾದ ಕಾಕಾ. ಒಮ್ಮಿನೂ ಬಳಸಿಲ್ಲ.”

ಗವಿಸಿದ್ದಪ್ಪ ನುಂಗಿದ. ಮಲ್ಲೇಶಪ್ಪ ಗೋಡೆಗೆ ಒರಗುವಷ್ಟು ನಕ್ಕ. ಆಮೇಲೆ ನಗು ನಿಂತಿತು.

“ಒಮ್ಮಿನೂ ಬಳಸಿಲ್ಲಂದ್ರ?”

ಹೋದ ಚಳಿಗಾಲದಲ್ಲಿ ರೂಪಾ ಉರಿಮೂತ್ರಕ್ಕೆ ದವಾಖಾನೆ ಸೇರಿದ್ದಳು. ನಂಜು ಮೂತ್ರಪಿಂಡಕ್ಕೆ ಏರಿತ್ತು. ಆಮೇಲೆ ಕೊಂಡ ಲಾಳಿಕೆ ಇದು.

“ಗಂಡಸ್ರ ನಡಕ ಕುಂದ್ರಾಕ ಮರಿ ಎಲ್ಲೈತಿ, ಅಪ್ಪಾ? ಇದನ್ನ ಬಳಸಾಕೂ ನಾಚಿಕಿ, ನೀರ ಕುಡಿಯೂದ ಬಿಡ್ತೀನಿ. ಅವ್ವನ್ನ ನೋಡಿ ಕಲ್ತಿದ್ದು. ಎರಿ ಹೊಲದಾಗ ಒಂದ್ ಗಿಡ ಇಲ್ಲ, ಸಂಜಿತನಕಾ ಬಿಗಿ ಹಿಡಿದಿರ್ತಾಳ.”

“ಅವ್ವ ಮಗಳು ಎರಡು ಕೊಡಾ ಇದ್ದಂಗ ಅದೀರಿ. ತುಂಬಿದ್ರೂ ಬಾಗಂಗಿಲ್ಲ,” ಎಂದ ಮಲ್ಲೇಶಪ್ಪ. “ನಾಳಿಂದ ಇಬ್ರೂ ನೀರ ಕುಡೀರಿ.”

ಮರುದಿನ ಬೆಳಗ್ಗೆ ಅವನು ಏಳಲಿಲ್ಲ. ಎದೆಬಡಿತ ನಿಂತಿತ್ತು.

ದಿವಸದ ಕಾರ್ಯ ಮುಗಿದ ಮೇಲೆ ರೂಪಾ ಹೊರಟಳು. ಕಳಕವ್ವ ತೊಳೆದ ಲಾಳಿಕೆಯನ್ನು ಚೀಲಕ್ಕೆ ಹಾಕಿದಳು. ಮಗಳು ಹೊರಗೆ ತೆಗೆದಳು.

“ಇದು ನಿನಗಿರ್ಲಿ. ನಾ ಇನ್ನೊಂದ ತಗೋತೀನಿ. ನೀ ಬಳಸಿದ್ರ ನಾನೂ ಬಳಸ್ತೀನಿ. ಇಲ್ಲಂದ್ರ ಇಲ್ಲ.”

ಗಂಡ ಹೋಗಿದ್ದ. ಮಗಳೂ ಹೋದರೆ ಯಾರಿದ್ದಾರೆ? ಕಳಕವ್ವ ಹೊಲಕ್ಕೆ ಹೋಗಿ ಚೆರಿಗೆ ತುಂಬ ನೀರು ಕುಡಿದಳು. ಮೊಣಕಾಲುದ್ದದ ಕಡಲೆಯ ನಡುವೆ ಸೀರೆ ಸರಿಮಾಡಿಕೊಂಡು, ಊರ ಕಡೆ ಮುಖ ಮಾಡಿ ಸಿಪಾಯಿಯಂತೆ ನೆಟ್ಟಗೆ ನಿಂತಳು.

ದೂರದ ಬದುವಿನಿಂದ ಗವಿಸಿದ್ದಪ್ಪ ಕೂಗಿದ. “ಏನ್ ನೋಡಾಕತ್ತೀರಿ, ವೈನಿ?”

“ಬೆಳಿ,” ಎಂದಳು.

ಈಗ ದಿನಾ ಮುಂಜಾನೆ ಸಾಬೂನು ಹಚ್ಚಿ ಲಾಳಿಕೆ ತೊಳೆಯುತ್ತಾಳೆ. ಅಂಗಳದ ಹಗ್ಗಕ್ಕೆ ಬಿಸಿಲಿಗೆ ಸಿಕ್ಕಿಸಿ ಮಗಳಿಗೆ ಫೋನ್ ಮಾಡುತ್ತಾಳೆ.

“ನಂದು ಒಣಗಾಕ ಹಾಕೀನಿ. ನಿಂದು?”