ಚೀಫ್ ದನಿಯಲ್ಲಿ ಒಂದು ಫೋನ್ ಕಾಲ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ವಾರ, ಮಂಗಳವಾರ ಸಂಜೆ ಐದೂಮುಕ್ಕಾಲಿಗೆ ನೋಯ್ಡಾದ ನಮ್ಮ ಆಫೀಸಿನ ಮೂರನೇ ಮಹಡಿ ಪೂರ್ತಿ ಖಾಲಿಯಾಯಿತು. ಎಪ್ಪತ್ತು ಜನ ಬ್ಯಾಗ್ ಎತ್ತಿಕೊಂಡು ಮೆಟ್ಟಿಲಿಳಿದರು. ಕರೆಂಟ್ ಹೋಗಿರಲಿಲ್ಲ. ಭೂಕಂಪವೂ ಆಗಿರಲಿಲ್ಲ. ಕಾರಣ ನಾನು.

ನನ್ನ ಗಂಟಲಿನ ಕಾಯಿಲೆ ನಿಮಗೆ ಗೊತ್ತೇ ಇದೆ. ಯಾರ ದನಿ ಕಿವಿಗೆ ಬಿದ್ದರೂ ಅದನ್ನು ಮಿಮಿಕ್ರಿ ಮಾಡದೆ ಸುಮ್ಮನಿರುವುದಿಲ್ಲ. ಮಯೂರ್ ವಿಹಾರದ ತರಕಾರಿ ಭಯ್ಯಾನ ಜೊತೆ ಭಯ್ಯಾನ ದನಿಯಲ್ಲೇ ಚೌಕಾಸಿ ಮಾಡಿ, ಪುಕ್ಕಟೆ ಸಿಗುತ್ತಿದ್ದ ಕೊತ್ತಂಬರಿ ಸೊಪ್ಪನ್ನು ಶಾಶ್ವತವಾಗಿ ಕಳೆದುಕೊಂಡವನು ನಾನು. (ಬುದ್ಧಿ ಬಂತೇ? ಇಲ್ಲ.)

ಈ ಸಲ ಕದ್ದದ್ದು ಚೀಫ್ ದನಿ. ಚೀಫ್ ಅಂದರೆ ನಮ್ಮ ಕಂಪನಿಯ ಸಿಇಒ. ದಿಲ್ಲಿಯಲ್ಲೇ ಬೆಳೆದ ಕನ್ನಡಿಗರು. ಈ ತಿಂಗಳ ಕೊನೆಗೆ ನಿವೃತ್ತಿ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಕಂಪನಿ ಶುರುಮಾಡಿದರಂತೆ. ನಾನು ಕೆಲಸಕ್ಕೆ ಸೇರಿದಾಗ ಕೇಳಿದ ಕಥೆಯಲ್ಲಿ ಅದೊಂದು ಕೋಣೆ. ಮರುವರ್ಷದ ಭಾಷಣದಲ್ಲಿ ಬಾಲ್ಕನಿ. ಇನ್ನೆರಡು ವರ್ಷ ಕುರ್ಚಿಯಲ್ಲಿದ್ದಿದ್ದರೆ ಕಂಪನಿ ಮೆಟ್ಟಿಲ ಮೇಲೆ ಹುಟ್ಟಿರುತ್ತಿತ್ತು.

ಪ್ರಭಾವ ಅಂದರೆ ಏನು ಗೊತ್ತೇ? ಚೀಫ್ ಸಕ್ಕರೆಯಿಲ್ಲದ ಬ್ಲ್ಯಾಕ್ ಕಾಫಿ ಕುಡಿಯುತ್ತಾರೆ. ಆದ್ದರಿಂದ ನಮ್ಮ ಮ್ಯಾನೇಜರುಗಳೆಲ್ಲ ಅದನ್ನೇ ಕುಡಿಯುತ್ತಾರೆ, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು. ಚೀಫ್ ಎರಡು ಸಲ ಕೆಮ್ಮಿ, ಎರಡು ಸೆಕೆಂಡ್ ಸುಮ್ಮನಿದ್ದು, ಆಮೇಲೆ ಮಾತಾಡುತ್ತಾರೆ. ಈಗ ಇಡೀ ಆಫೀಸಿಗೇ ಕೆಮ್ಮು. ನಾನೂ ಕಡಿಮೆಯೇನಲ್ಲ. ಮೊನ್ನೆ ಅಮ್ಮ ಫೋನಿನಲ್ಲಿ, ‘ಊಟ ಆಯ್ತಾ?’ ಎಂದದ್ದಕ್ಕೆ ಕೆಮ್ಮಿ ಸುಮ್ಮನಾದೆ. ‘ಅಯ್ಯೋ, ಡಾಕ್ಟರಿಗೆ ತೋರಿಸೋ’ ಎಂದಳು.

ಇಷ್ಟಾಗಿದ್ದರೆ ಪರವಾಗಿರಲಿಲ್ಲ. ನನ್ನ ಪಕ್ಕದ ಸೀಟಿನಲ್ಲಿ ಫೆಲಿಕ್ಸ್ ಕೂರುತ್ತಾನೆ. ಮಂಗಳೂರಿನವನು. ಆ ಮಂಗಳವಾರ ಸಂಜೆ ಆರೂವರೆಗೆ ಅವನ ಮಗಳ ಸ್ಕೂಲಿನಲ್ಲಿ ನಾಟಕ.

‘ಮೊದಲನೇ ವರ್ಷ ಅವಳು ಬಟಾಟೆ ಮಾರಾಯ, ನಾನು ಹೋಗ್ಲಿಲ್ಲ. ಹೋದ ವರ್ಷ ಟೊಮೆಟೊ, ಆಗಲೂ ಇಲ್ಲ. ಈ ಸಲ ಬದನೆ. ಮುಂದಿನ ಕ್ಲಾಸಿನವರಿಗೆ ತರಕಾರಿ ಪಾರ್ಟೇ ಇಲ್ಲವಂತೆ. ಬೆಳಿಗ್ಗೆ ಶೂ ಹಾಕುವಾಗ ಕೇಳ್ತಾಳೆ, ಪಪ್ಪಾ, ಇಸ್ ಬಾರ್ ಪಕ್ಕಾ ನಾ, ಈ ಸಲ ಖಂಡಿತ ಬರ್ತೀರಲ್ಲ? ಅಂತ. ಎಂಥ ಹೇಳುವುದು?’

ನಮ್ಮ ಮ್ಯಾನೇಜರ್ ಕುಲಕರ್ಣಿ ಸರ್ ಧಾರವಾಡದವರು. ಒಳ್ಳೆಯವರು. ಯಾರಿಗೂ ಇಲ್ಲ ಎನ್ನುವುದಿಲ್ಲ. ಫೆಲಿಕ್ಸ್ ಮೂರನೇ ಸಲ ಹೋಗಿ ಕೇಳಿದಾಗಲೂ ಇಲ್ಲ ಎನ್ನಲಿಲ್ಲ.

‘ಹೋಗಪಾ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಸ್ವಲ್ಪ ವಿಚಾರ ಮಾಡು. ನಿನ್ನ ಜಾಗಾದಾಗ ಚೀಫ್ ಇದ್ದಿದ್ರ ಹೋಗ್ತಿದ್ರೇನು?’

ಫೆಲಿಕ್ಸ್ ಬಂದು ಕುಳಿತ. ಕಂಪ್ಯೂಟರ್ ನೋಡತೊಡಗಿದ. ಅದು ಆನ್ ಆಗಿರಲಿಲ್ಲ.

ನಾನು ಕೆಳಗಿನ ಕಾನ್ಫರೆನ್ಸ್ ರೂಮಿಗೆ ಹೋದೆ. ಅಲ್ಲಿನ ಆಫೀಸ್ ಫೋನಿನಲ್ಲಿ ಕುಲಕರ್ಣಿ ಸರ್ ನಂಬರ್ ಒತ್ತಿದೆ. ಎರಡು ಸಲ ಕೆಮ್ಮಿದೆ. ಎರಡು ಸೆಕೆಂಡ್ ಬಿಟ್ಟೆ.

‘ಕುಲಕರ್ಣಿ, ಎಲ್ಲರನ್ನೂ ಮನೆಗೆ ಕಳಿಸಿ. ಈಗಲೇ.’

‘ಯೆಸ್ ಚೀಫ್!’ ಆ ಕಡೆ ಕುರ್ಚಿ ಹಿಂದೆ ಬಿದ್ದ ಸದ್ದು ಕೇಳಿಸಿತು. ಸರ್ ಎದ್ದು ನಿಂತಿದ್ದರು. ಫೋನಿಗೆ!

ಬದನೆ ಬಹಳ ಚೆನ್ನಾಗಿತ್ತಂತೆ. ಒಂದೇ ಡೈಲಾಗು. ಅದನ್ನೂ ಮರೆತು, ಅಪ್ಪ ಬಂದದ್ದು ಕಂಡು ಸ್ಟೇಜಿನಿಂದಲೇ ‘ಪಪ್ಪಾ ಆ ಗಯೇ!’ ಎಂದು ಕೂಗಿತಂತೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ವಾರ ನಿಮಗೆ ದಿಲ್ಲಿಯ ಧೂಳಿನ ಬಗ್ಗೆ ಬರೆಯುತ್ತಿದ್ದೆ. ಆದರೆ ಬುಧವಾರ ಬೆಳಿಗ್ಗೆ ಕುಲಕರ್ಣಿ ಸರ್ ಚೀಫ್‌ಗೆ ಒಂದು ಧನ್ಯವಾದದ ಈಮೇಲ್ ಕಳಿಸಿದರು. ಎಲ್ಲರಿಗೂ ಕಾಪಿ. ಚೀಫ್ ಸೆಕ್ರೆಟರಿಯಿಂದ ಒಂದೇ ಸಾಲಿನ ಉತ್ತರ ಬಂತು: ನಿನ್ನೆ ಆ ಹೊತ್ತಿಗೆ ಚೀಫ್ ಸಿಂಗಾಪುರದ ವಿಮಾನದಲ್ಲಿದ್ದರು.

ಎಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ? ಗೌರವದ ಜೊತೆಗೆ ಎಚ್.ಆರ್. ಪತ್ರವೂ ಬಂತು. ಸೋಮವಾರ ವಿಚಾರಣೆ. ನನ್ನದೂ, ‘ಲಾಭ ಪಡೆದ’ ಫೆಲಿಕ್ಸನದೂ. ನನ್ನ ಕೆಲಸ ಹೋದರೆ ಹೋಗಲಿ, ಗಂಟಲಿದೆ. ಫೆಲಿಕ್ಸನಿಗೆ ಏನಿದೆ? ಒಂದು ಬದನೆ ಇದೆ.

ನಡುವೆ ಭಾನುವಾರ ಇತ್ತು. ಕಂಪನಿಯ ಕನ್ನಡಿಗರೆಲ್ಲ ಸೇರಿ ಚೀಫ್ ದಂಪತಿಗೆ ಆರ್.ಕೆ.ಪುರಂನ ಒಂದು ಉಡುಪಿ ಹೋಟೆಲಿನ ಮಹಡಿಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಕುಲಕರ್ಣಿ ಸರ್ ಉಸ್ತುವಾರಿ ಅಂದಮೇಲೆ ಚರ್ಚಾಸ್ಪರ್ಧೆ ಇಲ್ಲದೆ ಇರುತ್ತದೆಯೇ? ವಿಷಯ: ‘ಚೀಫ್ ಬಿಟ್ಟುಹೋಗುತ್ತಿರುವ ಪ್ರಭಾವ ನಮಗೆ ವರವೇ?’ ಪರವಾಗಿ ಮಾತಾಡಲು ಹನ್ನೊಂದು ಜನ. ವಿರೋಧಕ್ಕೆ ಒಬ್ಬರೂ ಇಲ್ಲ.

‘ಹ್ಯಾಂಗೂ ನಿನ್ ಕೆಲಸಾ ಹೋಗೂದದ. ನೀನೇ ಮಾತಾಡು’ ಎಂದರು ಸರ್.

ಪರವಾಗಿ ಹತ್ತು ಜನ ಬಾಲ್ಕನಿಯ ಕಥೆ ಹೇಳಿದರು. ಕೊನೆಗೆ ಫೆಲಿಕ್ಸ್ ಎದ್ದ. ವಿಚಾರಣೆಗೆ ಮೊದಲು ಬೆಣ್ಣೆ ಹಚ್ಚುತ್ತಾನೆ ಅಂದುಕೊಂಡೆ.

‘ಇಂಟರ್‌ವ್ಯೂನಲ್ಲಿ ನನ್ನ ಇಂಗ್ಲಿಷ್ ಕೇಳಿ ಎಲ್ಲರೂ ನಗಾಡಿದ್ರು. ಚೀಫ್ ಒಬ್ಬರು ನಗಲಿಲ್ಲ. ಕನ್ನಡದಲ್ಲಿ ಹೇಳಿ, ನನಗೆ ಅರ್ಥ ಆಗ್ತದೆ ಅಂದ್ರು. ಇವತ್ತು ನನ್ನ ಮನೆ ನಡೀತಾ ಇರುವುದು ಆ ಮಾತಿನಿಂದ’ ಎಂದು ಹೇಳಿ ಕೂತ.

ಈಗ ಹೇಳಿ, ಇದಕ್ಕೆ ವಿರೋಧವಾಗಿ ಏನು ಮಾತಾಡುವುದು? ನನ್ನ ಹತ್ತಿರ ನಾಲ್ಕು ಪುಟ ಕುಹಕ ಬರೆದದ್ದಿತ್ತು. ಮಡಚಿ ಜೇಬಿಗಿಟ್ಟೆ.

‘ಫೆಲಿಕ್ಸ್ ಹೇಳಿದ್ದು ನಿಜ. ಆದರೆ ಆ ಚೀಫ್ ನಮಗೆ ಸಿಗಲೇ ಇಲ್ಲ’ ಎಂದೆ. ‘ನಾವು ಅವರಿಂದ ಕಲಿತದ್ದು ಕೆಮ್ಮು, ಕಾಫಿ, ಮತ್ತೆ ಒಂದು ಪ್ರಶ್ನೆ: ಚೀಫ್ ಇದ್ದಿದ್ದರೆ ಹೋಗುತ್ತಿದ್ದರಾ? ಚೀಫ್ ಇದನ್ನು ಯಾರಿಗೂ ಕೇಳಿಲ್ಲ. ಅವರ ದನಿಯಲ್ಲಿ ನಾವು ನಾವೇ ದಿನಾ ಕೇಳಿಕೊಳ್ಳುತ್ತೇವೆ. ಇಡೀ ಕಂಪನಿ ವರ್ಷಗಟ್ಟಲೆ ಮಿಮಿಕ್ರಿ ಮಾಡಿದೆ. ಪತ್ರ ಬಂದದ್ದು ಮಾತ್ರ ನನಗೆ!’

ಕುಲಕರ್ಣಿ ಸರ್ ತಡೆಯಲಾರದೆ ಎದ್ದರು. ‘ಚೀಫ್, ಇಂವಾ ಮಾಡಿದ್ದು ಮೋಸ. ನಂದೇನೂ ತಪ್ಪಿಲ್ಲ. ದನಿ ಥೇಟ್ ನಿಮ್ದೇ ಇತ್ರೀ!’

ಚೀಫ್ ಎರಡು ಸಲ ಕೆಮ್ಮಿದರು. ಎರಡು ಸೆಕೆಂಡ್ ಸುಮ್ಮನಿದ್ದರು. ‘ಎಲ್ಲಿ, ಮಾಡಿ ತೋರಿಸಿ.’

ಸಾಯುವುದೇ ಆದರೆ ಕಲೆಗಾಗಿ ಸಾಯೋಣ ಎಂದು ಮಾಡಿ ತೋರಿಸಿದೆ. ‘ಕುಲಕರ್ಣಿ, ಎಲ್ಲರನ್ನೂ ಮನೆಗೆ ಕಳಿಸಿ. ಈಗಲೇ.’

‘ನಾನು ಹೀಗೆ ಮಾತಾಡುವುದಿಲ್ಲ’ ಎಂದರು ಚೀಫ್, ನಾನು ಮಾಡಿದ ಹಾಗೆಯೇ. ಹಾಲ್ ಗೊಳ್ಳೆಂದಿತು.

ಅಷ್ಟು ಹೊತ್ತು ಮೈಸೂರು ಪಾಕನ್ನು ಮುರಿದು ಮುರಿದು ತಟ್ಟೆಯಲ್ಲೇ ಇಡುತ್ತಿದ್ದ ಅವರ ಹೆಂಡತಿ ತಲೆಯೆತ್ತಿದರು. ‘ಅಚ್ಛಾ, ದನಿ ಇವರದ್ದೇ’ ಎಂದರು.

‘ನೋಡ್ರಿ! ಮೇಡಂ ಅವರೇ ಹೇಳ್ಯಾರ!’ ಕುಲಕರ್ಣಿ ಸರ್ ಮುಖ ಅರಳಿತು.

ಆಮೇಲೆ ಮೇಡಂ ಇನ್ನೊಂದು ಮಾತು ಹೇಳಿದರು. ಅದನ್ನು ಕೊನೆಗೆ ಹೇಳುತ್ತೇನೆ. ಚೀಫ್ ಎದ್ದು, ಮೇಡಂ ಚಪ್ಪಲಿ ಹಾಕಿಕೊಳ್ಳುವವರೆಗೆ ಅವರ ಬ್ಯಾಗ್ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಸೋಮವಾರ ವಿಚಾರಣೆಗೆ ಹೋದರೆ ರೂಮಿಗೆ ಬೀಗ. ಪತ್ರ ಹಿಂದಕ್ಕೆ ಪಡೆಯಲಾಗಿದೆ, ಚೀಫ್ ಅವರಿಂದಲೇ ಫೋನ್ ಬಂದಿತ್ತು ಎಂದರು ಎಚ್.ಆರ್.ನವರು. (ಆಣೆಗೂ ಆ ಫೋನ್ ನಾನು ಮಾಡಿದ್ದಲ್ಲ.)

ಮೇಡಂ ಹೇಳಿದ್ದನ್ನು ಯಾವ ಮಿಮಿಕ್ರಿಯೂ ಇಲ್ಲದೆ ಹಾಗೇ ಇಡುತ್ತಿದ್ದೇನೆ.

‘ಮದುವೆಯಾಗಿ ಮೂವತ್ತು ವರ್ಷ ಆಯ್ತು ಕುಲಕರ್ಣಿಯವರೇ, ಇವರ ಬಾಯಲ್ಲಿ “ಮನೆಗೆ” ಅನ್ನೋ ಮಾತು ನಾನೇ ಕೇಳಿಲ್ಲ. ನೀವು ಹೇಗ್ರೀ ನಂಬಿದ್ರಿ?’