ಪಾಲಾಕ್ಷನ ಕಾರಿನ ಬ್ರೇಕು

ಪರಶುರಾಂಪುರದಲ್ಲಿ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡುವ ಪಾಲಾಕ್ಷ ಸಿಟ್ಟು ಬಂದರೆ ಮಾತಾಡುವುದಿಲ್ಲ, ಸುತ್ತಿಗೆಯನ್ನು ಎತ್ತಿ ಎತ್ತಿ ಬೇರೆ ಕಡೆ ಇಡುತ್ತಾನೆ. ಆ ಭಾನುವಾರ ಸುತ್ತಿಗೆ ಬೆಳಿಗ್ಗೆಯಿಂದ ಅಂಗಳವೆಲ್ಲ ಸುತ್ತಿತ್ತು.

ಕಾರಣ ಅಂಗಳದಲ್ಲಿ ನಿಂತಿದ್ದ ಕಾರು. ಅವನ ಅವ್ವ ಪಾಪಕ್ಕನಿಗೆ ಮಂಡಿನೋವು. ಟ್ರಾಕ್ಟರ್ ಹತ್ತಲಾಗದು, ಬೈಕೆಂದರೆ ಭಯ. ಈರುಳ್ಳಿ ಹೊಲದ ಮುಖ ನೋಡದೆ ಅವಳು ಸೊರಗುತ್ತಿದ್ದಳು. ಹಾಗಾಗಿ ಹಳೇ ವ್ಯಾನಿನ ಎಂಜಿನ್ ತಂದು, ತಾನೇ ಚೌಕಟ್ಟು ಕಟ್ಟಿ, ತಗಡು ಹೊದಿಸಿ, ಹೊಲದ ದಾರಿಗೆಂದೇ, ಅವ್ವ ಹತ್ತುವಷ್ಟು ತಗ್ಗಾಗಿ ಮಾಡಿದ ಬಂಡಿ ಅದು. ವ್ಯಾನಿನ ಪೆಡಲುಗಳು ಮೇಲಿನಿಂದ ನೇತಾಡುತ್ತಿದ್ದವು, ಟ್ರಾಕ್ಟರ್ ತುಳಿದ ಕಾಲಿಗೆ ಅವು ಒಗ್ಗಲಿಲ್ಲ. ಕಿತ್ತುಹಾಕಿ, ನೆಲಕ್ಕೇ ಕೀಲು ಕೂರಿಸಿ, ಬುಡದಿಂದ ಎದ್ದು ನಿಲ್ಲುವ ಪೆಡಲು ಮಾಡಿದ. ಅಲ್ಲಿಂದ ಶುರುವಾಯಿತು ಗ್ರಹಚಾರ. ತುಳಿದರೆ ಬ್ರೇಕಿನ ಪೆಡಲು ಮೆತ್ತಗೆ ನೆಲ ಮುಟ್ಟುತ್ತಿತ್ತು.

ಹಿಂದಿನ ವಾರ ಕಾರು ನಿಲ್ಲದೆ ಕುರಿದೊಡ್ಡಿಯ ಬೇಲಿ ಕಿತ್ತಿತ್ತು. ಹೆಂಡತಿ ಸುನಿತಾ ಅವತ್ತೇ ಹೇಳಿಬಿಟ್ಟಿದ್ದಳು: “ಭಾನುವಾರ ಸಂಜೆ ಚಳ್ಳಕೆರೆಯಿಂದ ಗುಜರಿಯವ್ನು ಬರ್ತಾನೆ. ಅಷ್ಟರೊಳಗೆ ಬ್ರೇಕ್ ಹಿಡಿದ್ರೆ ಇರ್ಲಿ, ಇಲ್ಲಾಂದ್ರೆ ಹೊತ್ಕೊಂಡು ಹೋಗ್ಲಿ. ಅತ್ತೇನ ಇದ್ರಾಗೆ ಕೂರ್ಸಾಕೆ ನಾನು ಒಪ್ಪಲ್ಲರಿ.”

ಪೈಪಿನೊಳಗೆ ಗಾಳಿ ಸೇರಿದರೆ ಬ್ರೇಕು ಹಿಡಿಯುವುದಿಲ್ಲ. ಗಾಳಿ ತೆಗೆಯಲು ಒಬ್ಬರು ಮೇಲೆ ಕೂತು ಪೆಡಲು ತುಳಿಯಬೇಕು, ಇನ್ನೊಬ್ಬರು ಅಡಿಯಲ್ಲಿ ಮಲಗಿ ಚಕ್ರದ ಹತ್ತಿರದ ತಿರುಪು ಸಡಿಲಿಸಬೇಕು. ಸುನಿತಾ ಅದನ್ನು ಮುಟ್ಟುವುದಿಲ್ಲ ಎಂದಿದ್ದಳು. ಹಾಗಾಗಿ ಮೇಲೆ ಪಾಪಕ್ಕ, ಕೆಳಗೆ ಪಾಲಾಕ್ಷ.

“ತುಳಿಯವ್ವ.”

“ತುಳ್ದೆ.”

“ಗಟ್ಟಿ ಐತಾ?”

“ಕಲ್ಲಿದ್ದಂಗೈತಪ್ಪ.”

ಸದ್ಯ ಎಂದುಕೊಂಡು ತಿರುಪು ಬಿಗಿದು, ಅವ್ವನನ್ನು ಇಳಿಸಿ, ತಾನು ಕೂತು ತುಳಿದರೆ ಪೆಡಲು ಮತ್ತೆ ನೆಲಕ್ಕೆ. ರಬ್ಬರ್ ಬದಲಿಸಿದ. ಪೈಪು ಬಿಚ್ಚಿ ಕಟ್ಟಿದ. ಅವ್ವ ತುಳಿದರೆ ಕಲ್ಲು, ಇವನು ತುಳಿದರೆ ಬೆಣ್ಣೆ. ತಲೆ ಕೆಟ್ಟುಹೋಯಿತು.

“ಅವ್ವ, ನಿಜ ಹೇಳು, ಗಟ್ಟಿ ಐತಾ?”

“ಎಷ್ಟು ಸಲ ಹೇಳ್ಲೋ? ನಿನ್ ಕಾಲಾಗೇ ಏನೋ ದೋಷ ಐತೆ, ನೋಡ್ಕ.”

ಸಂಜೆಯಾಯಿತು. ಗುಜರಿಯ ಟೆಂಪೋ ಓಣಿಯ ತಿರುವಿನಲ್ಲಿ ಹಾರ್ನ್ ಹಾಕಿತು. ಪಾಲಾಕ್ಷನಿಗೆ ಅಳು ಬರುವಂತಾಯಿತು. ಕಾರಿನ ಅಡಿಯಿಂದ ಎದ್ದುಬಂದು, ಅವ್ವ ಇಳಿಯಲಿ ಎಂದು ಬಾಗಿಲು ತೆಗೆದ. ಅವಳ ಕಾಲು ಬರಿಗಾಲು. ಬ್ರೇಕಿನ ಪೆಡಲಿನ ಹಿಂದಿನ ಸಂದಿಯಲ್ಲಿ, ನೀಟಾಗಿ ಜೋಡಿಸಿಟ್ಟ ಅವಳ ಚಪ್ಪಲಿ.

“ಇದೇನವ್ವ?”

“ಚಪ್ಲಿ. ಪೂಜೆ ಮಾಡಿದ ಗಾಡೀನ ಚಪ್ಲಿ ಕಾಲಾಗೆ ತುಳೀಲಾ? ಹೊರಗ್ ಬಿಟ್ರೆ ನಾಯಿ ಎಳ್ಕೊಂಡು ಹೋಗ್ತಾವೆ. ನೀನೇ ಒಳ್ಳೆ ಗೂಡು ಮಾಡಿಟ್ಟೀಯಲ್ಲ.”

ಇಡೀ ದಿನ ಪೆಡಲು ಅರ್ಧಕ್ಕೇ ಚಪ್ಪಲಿಗೆ ತಾಗಿ ನಿಂತಿತ್ತು, ಗಾಳಿ ಒಳಗೇ ಉಳಿದಿತ್ತು. ಪ್ರತಿ ಸಲ ಇಳಿಯುವಾಗ ಅವ್ವ ಚಪ್ಪಲಿ ತೆಗೆದು ಮೆಟ್ಟಿಕೊಂಡೇ ಇಳಿದಿದ್ದಳು. ಪಾಲಾಕ್ಷ ಚಪ್ಪಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮತ್ತೆ ಅಡಿಗೆ ನುಗ್ಗಿದ.

“ತುಳಿ.”

ಈ ಸಲ ಪೆಡಲು ಪೂರ್ತಿ ಇಳಿಯಿತು, ಗಾಳಿ ಬುಸುಗುಟ್ಟಿ ಹೊರಬಂತು. ನಾಲ್ಕು ಚಕ್ರಕ್ಕೂ ತೆಗೆದು, ತಾನೇ ಕೂತು ತುಳಿದ. ಗಟ್ಟಿ.

ಅಷ್ಟರಲ್ಲಿ ಟೆಂಪೋ ಅಂಗಳದ ಬಾಯಿಗೆ ಬಂದು ನಿಂತಿತ್ತು. ಸುನಿತಾ ಬಂದಳು. ಟ್ರಾಕ್ಟರ್ ಓಡಿಸಿ ಗೊತ್ತಿದ್ದವಳು.

“ಇಳೀರಿ, ನಾನೇ ನೋಡ್ತೀನಿ.”

ಹತ್ತುವ ಮುಂಚೆ ಅವಳೂ ಚಪ್ಪಲಿ ಕಳಚಿ ಕೈಗೆತ್ತಿಕೊಂಡಳು. ಪಾಲಾಕ್ಷ ಕೈಚಾಚಿ ಅವನ್ನು ಇಸಿದುಕೊಂಡ.

ಕಾರು ಹೊರಟಿತು, ನೇರ ಟೆಂಪೋದ ಕಡೆಗೆ. ಗುಜರಿಯವನು ಪಕ್ಕಕ್ಕೆ ಹಾರಿದ. ಟೆಂಪೋಗೆ ಮಾರುದೂರದಲ್ಲಿ ಕಾರು ಗಕ್ಕನೆ ನಿಂತಿತು. ಸುನಿತಾ ಕೂತಲ್ಲಿಂದಲೇ ಬಾಗಿ ಪಕ್ಕದ ಬಾಗಿಲು ತೆಗೆದಳು.

“ಬರ್ರಿ ಅತ್ತೆ.”

ಪಾಪಕ್ಕ ಬರಿಗಾಲಲ್ಲೇ ಕುಂಟುತ್ತ ಹೋಗಿ ಕೂತಳು. ಪಾಲಾಕ್ಷನೂ ಹತ್ತಲೆಂದು ಹೆಜ್ಜೆ ಎತ್ತಿದ.

“ನೀನೆಲ್ಲಿಗೆ ಬರ್ತೀಯೋ? ಹೊಲ ನೋಡ್ಕೊಂಡು ಬರ್ತೀವಿ,” ಎಂದಳು ಅವ್ವ. “ನಾಯಿ ಬರ್ತಾವೆ, ಚಪ್ಲಿ ನೋಡ್ಕ.”