ನಾನು ಹಾಕದ ಸಹಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಸರ್ಜರಿ ಕಲಿಯುತ್ತಿದ್ದೆ. ಎರಡು ದಿನ ಬಿಡದೆ ಡ್ಯೂಟಿ ಮಾಡುವುದು ನಮಗೆ ಮಾಮೂಲಾಗಿತ್ತು. ನಾವು ಮುಷ್ಕರ ಹೂಡಿದ ಮೇಲೆ ಆಡಳಿತದವರು ಹೊಸ ನಿಯಮ ತಂದರು: ರಾತ್ರಿ ಡ್ಯೂಟಿ ಮಾಡಿದವರು ಮರುದಿನ ಮಧ್ಯಾಹ್ನ ಎರಡಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಹೊರಡಬೇಕು. ಇಷ್ಟು ಸುಲಭವಾಗಿ ಒಪ್ಪಿಬಿಟ್ಟರಲ್ಲ ಎಂಬುದೇ ನನ್ನ ಅನುಮಾನ.

ಮೊದಲ ವಾರ ನಿಯಮದಂತೆ ಹೊರಟು ಸಯನ್ ಬಡಾವಣೆಯಲ್ಲಿದ್ದ ಅಕ್ಕನ ಮನೆಗೆ ಹೋಗಿ ಮಲಗಿದೆ. ನಿದ್ದೆ ಹತ್ತಲಿಲ್ಲ. ನನಗೆ ಬರಬೇಕಾದ ಹರ್ನಿಯಾ ಆಪರೇಷನ್ ನಮ್ಮ ವಾರ್ಡಿನಲ್ಲೇ ಕಲಿಯುತ್ತಿದ್ದ ಜೊತೆಯವನ ಪಾಲಾಯಿತೇನೋ ಎಂಬ ಯೋಚನೆ. ಹಾಗೆಯೇ ಆಗಿತ್ತು. ಧಾರವಾಡದ ಕಡೆಯ ಆ ಹುಡುಗನ ಜೊತೆ ಮಾತು ಕಡಿಮೆ ಮಾಡಿದೆ. ಮುಂದಿನ ವಾರದಿಂದ ನಾನು ಹೊರಡಲೂ ಇಲ್ಲ, ಸಹಿ ಹಾಕಲೂ ಇಲ್ಲ.

ಹಾಗೆ ಉಳಿದ ಒಂದು ದಿನ ಸಂಜೆ ನಾಲ್ಕಕ್ಕೆ ಒಬ್ಬ ಗಿರಣಿ ಕಾರ್ಮಿಕನ ಹೊಟ್ಟೆಯ ಗಾಯ ಹೊಲಿದೆ. ಕಣ್ಣು ಎಳೆಯುತ್ತಿತ್ತು. ನಾಲ್ಕು ದಿನಕ್ಕೆ ಹೊಲಿಗೆ ಬಿಟ್ಟುಕೊಂಡು ಅವನನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ಯಬೇಕಾಯಿತು.

ವಿಚಾರಣೆಗೆ ನನ್ನನ್ನೂ, ಆ ಸಂಜೆ ಡ್ಯೂಟಿಯಲ್ಲಿದ್ದ ಜೊತೆಯವನನ್ನೂ ಕರೆದರು. ಅಧಿಕಾರಿ ರಿಜಿಸ್ಟರನ್ನು ನನ್ನತ್ತ ತಿರುಗಿಸಿದರು. ಆ ದಿನ, ಎರಡು ಗಂಟೆಗೆ, ನನ್ನ ಸಹಿ!

“ನೀವು ಹೊರಟುಹೋಗಿದ್ದಿರಿ. ಹಾಗಾದರೆ ಹೊಲಿದವರು ಇವರೇ ತಾನೆ?” ಎಂದರು ಹಿಂದಿಯಲ್ಲಿ.

ಸುಮ್ಮನಿದ್ದರೆ ನಾನು ಪಾರು. ಜೊತೆಯವನು ತಲೆ ಎತ್ತಲಿಲ್ಲ. ಇವನೇ ಹಾಕಿದನೆ? ತನ್ನ ಕುತ್ತಿಗೆಗೆ ತಾನೇ ಏಕೆ ತಂದುಕೊಳ್ಳುತ್ತಾನೆ?

“ಹೊಲಿದದ್ದು ನಾನು. ಸಹಿ ಮಾತ್ರ ನನ್ನದಲ್ಲ,” ಎಂದೆ.

ಅಧಿಕಾರಿ ರಿಜಿಸ್ಟರ್ ಮುಚ್ಚಿದರು. ಸಹಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹೊರಗೆ ಬಂದ ಮೇಲೆ ಅವನು ಬಾಯಿಬಿಟ್ಟ. “ನನ್ನ ಸಿಗಸಾಕ ನೀನ ಸಹಿ ಮಾಡಿ ಕುಂತೀ ಅಂತ ತಿಳಕೊಂಡಿದ್ದೆ ನೋಡಪಾ.”

ನಾನೂ ಅವನ ಬಗ್ಗೆ ಅಷ್ಟೇ ಕೆಟ್ಟದಾಗಿ ಯೋಚಿಸಿದ್ದೆನೆಂದು ಹೇಳಲು ನಾಚಿಕೆಯಾಯಿತು.

ಮಂಗಳೂರಿನ ಕಡೆಯವರಾದ ನಮ್ಮ ವಾರ್ಡಿನ ಸಿಸ್ಟರ್ ಮರುದಿನ ಗುಟ್ಟು ಹೇಳಿದರು. “ನಿಮ್ದೊಂದೇ ಅಲ್ಲ ಡಾಕ್ಟ್ರೇ. ಎರಡಕ್ಕೆ ಹೋಗದೆ ಉಳಿದವರ ಸಹಿಯೆಲ್ಲ ಕ್ಲಾರ್ಕೇ ಹಾಕುದು. ನಿಯಮ ನಡೀತಾ ಉಂಟೂಂತ ತೋರಿಸ್ಲಿಕ್ಕೆ ಮೇಲಿನಿಂದ ಹೇಳಿದ್ದಾರಂತೆ. ನಾನು ಹೇಳಿದ್ದೂಂತ ಎಲ್ಲಿಯೂ ಹೇಳ್ಬೇಡಿ ಮಾರಾಯ್ರೆ.”

ನನಗೆ ಎಚ್ಚರಿಕೆ ಪತ್ರ ಬಂತು. ಕಾರ್ಮಿಕ ತಿಂಗಳ ನಂತರ ಗುಣವಾಗಿ ಮನೆಗೆ ಹೋದ. ನಾವಿಬ್ಬರೂ ರಾತ್ರಿ ಡ್ಯೂಟಿಯ ಮರುದಿನ ಎರಡಕ್ಕೆ ಒಟ್ಟಿಗೆ ಹೋಗಿ, “ಇನ್ನೂ ಡ್ಯೂಟಿಯಲ್ಲಿದ್ದೇನೆ” ಎಂದು ಬರೆದು ಸಹಿ ಹಾಕತೊಡಗಿದೆವು. ಮೂರೇ ವಾರ. ಆಮೇಲೆ ರಿಜಿಸ್ಟರನ್ನೇ ಅಲ್ಲಿಂದ ತೆಗೆದುಬಿಟ್ಟರು.